ಒಂದು ಸೀರೆಗೆ ಒಂದೇ ಸಲ

ಹುಸೇನಸಾಬ ಒಂದು ಸೀರೆಯ ಮೇಲೆ ಒಂದು ಹಾಡನ್ನು ಎರಡು ಸಲ ಹಾಡುತ್ತಿರಲಿಲ್ಲ. ಸೀರೆಯ ಒಡಲು ನೇಯುವ ನಾಲ್ಕೈದು ದಿನ ತುಟಿ ಬಿಚ್ಚದೆ ಲಾಳಿ ಎಸೆಯುತ್ತಿದ್ದವನು, ಸೆರಗಿಗೆ ಬಂದ ಕೂಡಲೇ ಎರಡು ಸಲ ಕೆಮ್ಮಿ, ಮಗ್ಗದ ಕುಣಿಯೊಳಗೆ ಕಾಲು ಸರಿಮಾಡಿಕೊಂಡು ಶುರು ಮಾಡುತ್ತಿದ್ದ. ಸೆರಗು ಮುಗಿಯುವವರೆಗೆ ಒಂದಾದ ಮೇಲೊಂದು ಹಾಡು. ಎಲ್ಲಾದರೂ ಮರೆತು, ಆಗಲೇ ಹಾಡಿದ್ದರ ಮೊದಲ ಸೊಲ್ಲು ಎತ್ತಿದನೋ, ಹೊರಗೆ ಕಟ್ಟೆಯ ಮೇಲೆ ಕೂತ ಅವನ ತಾಯಿ ಅಮೀನಾಬಿ ಕೋಲಿನಿಂದ ಬಾಗಿಲು ಕುಟ್ಟುತ್ತಿದ್ದಳು. "ಅದು ಆಗೈತೋ! ಬ್ಯಾರೇದು ಹೇಳು!" ಅವನು ನಾಲಿಗೆ ಕಚ್ಚಿಕೊಂಡು ಬೇರೆ ಹಾಡಿಗೆ ಹೊರಳುತ್ತಿದ್ದ.

ಏಕೀಕರಣವಾದ ಮರುವರ್ಷ ನಾನು ತಾಂಬಾದ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಬಂದೆ. ನನ್ನ ತವರು ಬಸವನ ಬಾಗೇವಾಡಿ. ಬಾಡಿಗೆಗೆ ಹಿಡಿದ ಕೋಣೆಗೂ ಹುಸೇನಸಾಬನ ಮನೆಗೂ ನಡುವೆ ಒಂದೇ ಗೋಡೆ. ಮೊದಲ ವಾರ ನನಗೆ ಅವನ ತಲೆ ಸರಿಯಿಲ್ಲ ಎಂದೇ ಅನ್ನಿಸಿತು. ಅವನು ಹಾಡುತ್ತಿದ್ದುದರಲ್ಲಿ ಅರ್ಧ ನಮಗೆ ಗೊತ್ತಿದ್ದವೇ, ಮೊಹರಮ್ಮಿನ ರಿವಾಯತ್ ಪದಗಳು, ಬೀಸುವ ಪದಗಳು. ಉಳಿದರ್ಧ ಎಲ್ಲಿಯವೋ. ಧಾಟಿ ಮೇಲಕ್ಕೆ ಏರಿ, ಇಳಿಯುವುದನ್ನೇ ಮರೆತು ಅಲ್ಲೇ ನಿಂತುಬಿಡುತ್ತಿತ್ತು. ಮಾತೋ, ಹೇ ರೋ, ಹಿಲ್ಲೇ ಹೋ ರಾ, ಇಂಥವೇ. ನನ್ನ ಮೂರನೆಯ ಇಯತ್ತೆಯ ಹುಡುಗಿಯರು ಏಳರ ಮಗ್ಗಿಯನ್ನು ಅದೇ ಧಾಟಿಯಲ್ಲಿ ಹೇಳತೊಡಗಿದ ದಿನ ನಾನು ಜಗಳಕ್ಕೆಂದೇ ಅವರ ಮನೆಗೆ ಹೋದೆ.

"ಏನ್ರಿ ಹುಸೇನಭಾಯಿ, ಯಾವ ಭಾಷಾ ಇದು?"

"ನನಗೂ ಗೊತ್ತಿಲ್ರಿ ಅಕ್ಕೋರ," ಎಂದ, ಮಗ್ಗದಿಂದ ಕೈ ತೆಗೆಯದೆ. "ಆದರ ಬಾಳ ಛಲೋ ಮಂದಿ ಹಾಡು."

ಜಗಳ ಅಲ್ಲಿಗೇ ಮುಗಿಯಿತು. ಶಾಲೆಯಲ್ಲಿ ನೋಡಿದರೆ ನಾನು ಹುಲಿ ಎಂದು ಹೆಸರಾದವಳು.

ಊರಲ್ಲಿ ಅವನನ್ನು ಹಡಗದ ಸಾಬ ಎನ್ನುತ್ತಿದ್ದರು. ಎತ್ತರದ ಆಳು, ಬೆನ್ನು ಸ್ವಲ್ಪ ಬಾಗಿದೆ. ಕಾಲನ್ನು ಅಗಲಿಸಿ, ನೆಲ ಈಗಲೋ ಆಗಲೋ ಓರೆಯಾಗುತ್ತದೆ ಎನ್ನುವಂತೆ ನಡೆಯುತ್ತಿದ್ದ. ತಾಂಬಾದಲ್ಲಿ ಆಗ ಸಮುದ್ರ ಕಂಡವನು ಅವನೊಬ್ಬನೇ. ಚಹಾದಂಗಡಿಯಲ್ಲಿ ಯಾರಾದರೂ ಕೆಣಕಲೆಂದು ಸಮುದ್ರ ಹೇಗಿರುತ್ತದೆ ಎಂದು ಕೇಳಿದರೆ ಅವನು ಕೆಣಕು ಎಂದು ತಿಳಿಯದೆ ಮನಸಾರೆ ಹೇಳುತ್ತಿದ್ದ. "ಎರಿಹೊಲದಾಗ ಜ್ವಾಳ ಎದಿಮಟ ಬಂದಾಗ ಗಾಳಿ ಬೀಸತೈತಲ್ಲ, ಹಂಗ. ಆದರ ಅದಕ್ಕ ಒಡ್ಡು ಇರಂಗಿಲ್ಲ, ಬಾಂದಗಲ್ಲು ಇರಂಗಿಲ್ಲ. ಯಾರ ಹೊಲ ಅಂತ ಕೇಳಾಂವನೂ ಇಲ್ಲ." ಆಮೇಲೆ ತಾನೇ ನಗುತ್ತಿದ್ದ. "ಆದರ ಖರೇ ಹೇಳಬೇಕಂದ್ರ ನಾ ನೋಡಿದ್ದು ಕಡಿಮಿ. ಹಡಗದ ಹೊಟ್ಯಾಗ ಕೂತು ಇದ್ದಲಿ ಒಗಿಯೂ ಕೆಲಸ ನಮ್ಮದು. ಮ್ಯಾಲ ಸಮುದ್ರ ಇತ್ತಂತ, ತೆಳಗ ಬೆಂಕಿ ಇತ್ತು."

ಒಮ್ಮೆ ಅವನು ನನ್ನ ಬಾಗಿಲಲ್ಲಿ ನಿಂತು, ಶಾಲೆಯಲ್ಲಿ ಜಗತ್ತಿನ ನಕಾಶೆ ಇದೆಯೇ ಎಂದು ಕೇಳಿದ. ಮುಖ್ಯೋಪಾಧ್ಯಾಯರನ್ನು ಒಪ್ಪಿಸಿ ತಂದು ಅವರ ಪಡಸಾಲೆಯಲ್ಲಿ ಹಾಸಿದೆ. ಬೊಂಬಾಯಿ ತೋರಿಸಿದೆ. ಹುಸೇನಸಾಬ ಕಂಡಿಕೆಯಿಂದ ಕೆಂಪು ನೂಲು ಎಳೆದು, ತುದಿಯನ್ನು ಬೊಂಬಾಯಿಯ ಮೇಲೆ ನನ್ನ ಬೆರಳಿನಿಂದಲೇ ಒತ್ತಿಹಿಡಿಸಿ, ನೂಲನ್ನು ನೀಲಿಯ ಮೇಲೆ ಸುತ್ತಿಸಿಕೊಂಡು ಮೇಲೆ ಮೇಲೆ ಹೋದ. ಸ್ಕಾಟ್ಲೆಂಡ್ ಎಂಬ ಹೆಸರಿನ ಎಡಕ್ಕೆ ನಾಲ್ಕಾರು ಚುಕ್ಕೆಗಳಿದ್ದವು. ಹಿಂದೊಮ್ಮೆ ಅವನು ಇದ್ದು ಬಂದ ನಡುಗಡ್ಡೆ ಅವುಗಳಲ್ಲಿ ಯಾವುದೋ ಗೊತ್ತಾಗಲಿಲ್ಲ. ಹೆಬ್ಬೆರಳಿನಿಂದ ಅಷ್ಟೂ ಚುಕ್ಕೆಗಳನ್ನು ಮುಚ್ಚಿ, "ಇದರ ತೆಳಗೆಲ್ಲೋ ಐತಿ," ಎಂದ.

ಆ ದಿನ ಅವನು ತನ್ನ ಹಾಡುಗಳ ಕಥೆ ಹೇಳಿದ. ಅಪ್ಪ ತೀರಿಕೊಂಡು ಮಗ್ಗ ನಿಂತಾಗ ಅವನು ತಮ್ಮ ಮೆಹಬೂಬನನ್ನು ಕರೆದುಕೊಂಡು ಗಿರಣಿ ಕೆಲಸಕ್ಕೆಂದು ಬೊಂಬಾಯಿಗೆ ಹೋದ. ಗಿರಣಿ ಸಿಗಲಿಲ್ಲ, ಇಬ್ಬರಿಗೂ ಒಂದೇ ಹಡಗು ಸಿಕ್ಕಿತು. ಮೂರನೆಯ ವರ್ಷ, ಯುದ್ಧದ ಕಾಲ, ಛಳಿಯಲ್ಲಿ, ಆ ಬಡಗಣ ಸಮುದ್ರದಲ್ಲಿ ಹಡಗಿಗೆ ಗುಂಡು ಬಿತ್ತು. ಬದುಕಿದವರನ್ನು ನಡುಗಡ್ಡೆಯ ಮೀನುಗಾರರು ಎತ್ತಿಕೊಂಡು ಹೋದರು. ಹುಸೇನಸಾಬ ಆ ಛಳಿಗಾಲವಿಡೀ ಅಲ್ಲೇ ಇದ್ದ.

"ಉಣ್ಣಿ ಅರಿವಿ ನೇಯೂ ಮಂದಿ ಅವರು, ನಮ್ಮಂಗ," ಎಂದ. "ಉದ್ದಕ ಒಂದ ಹಲಗಿ ಹಾಕಿರತಾರ. ಈ ಕಡೆ ಆರ ಮಂದಿ ಹೆಣಮಕ್ಕಳು, ಆ ಕಡೆ ಆರ ಮಂದಿ. ನಡುವ ತೊಯ್ಸಿದ ಅರಿವಿ. ಅದನ್ನ ಹಲಗಿಗೆ ಬಡದು ಬಡದು ಬಾಜೂದಾಕಿಗೆ ಸರಸತಾರ. ಒಬ್ಬಾಕಿ ಹೇಳತಾಳ, ಉಳದಾವ್ರು ಎತ್ತಿ ಹಾಡತಾರ. ಅರಿವಿ ಬಿಗಿ ಆಗೂತನಕ ಹಾಡ. ಆದರ ಒಂದ ಅರಿವಿಗಿ ಒಂದ ಹಾಡ ಒಂದ ಸಲ. ಎರಡ ಸಲ ಹಾಡಿದರ ಕೇಡು ಅಂತಾರ್ರಿ."

ಅಲ್ಲಿ ನಾರ್ವೆ ದೇಶದ ಮುದುಕನೊಬ್ಬನೂ ಇದ್ದನಂತೆ, ಯುದ್ಧಕ್ಕೆ ಅಂಜಿ ದೋಣಿಯಲ್ಲಿ ಓಡಿ ಬಂದವನು. ಅವನ ಪಿಟೀಲನ್ನು ಹುಸೇನಸಾಬ ಎಷ್ಟು ಸಲ ವರ್ಣಿಸಿದ್ದಾನೋ ಲೆಕ್ಕವಿಲ್ಲ. "ಮ್ಯಾಲ ನಾಕ ತಂತಿ, ತೆಳಗ ನಾಕ ತಂತಿ. ತೆಳಗಿನವನ್ನ ಯಾರೂ ಮುಟ್ಟಂಗಿಲ್ಲ. ಮ್ಯಾಲಿನವು ನುಡದರ ತೆಳಗಿನವು ತಮ್ಮಷ್ಟಕ್ಕ ತಾವ ಅಳತಾವು." ಆ ಮುದುಕ ಪಿಟೀಲು ನುಡಿಸುತ್ತ, ಕೈಸನ್ನೆಯಲ್ಲಿ, ಹರಕು ಇಂಗ್ಲೀಷಿನಲ್ಲಿ, ಸಮುದ್ರದ ತಳದಲ್ಲಿ ಮಗ್ಗ ಹೂಡಿಕೊಂಡು ಕೂತ ಒಬ್ಬ ಹೆಂಗಸಿನ ಕಥೆ ಹೇಳುತ್ತಿದ್ದನಂತೆ. ನೀರಿಗೆ ಬಿದ್ದ ಹರೆಯದವರನ್ನು ಅವಳು ಕಂಡಿಕೆ ಸುತ್ತಲು ಕೂರಿಸಿಕೊಳ್ಳುತ್ತಾಳೆ. ಅವಳ ಅರಿವೆ ಮುಗಿದ ದಿನ ಬಿಟ್ಟು ಕಳಿಸುತ್ತಾಳೆ.

"ಮೆಹಬೂಬನೂ ಅಲ್ಲೇ ಅದಾನ," ಎಂದಳು ಅಮೀನಾಬಿ ಕಟ್ಟೆಯಿಂದ. ಅವಳು ಅದನ್ನು ಹೇಳಿದ ರೀತಿ ನನಗೆ ನೆನಪಿದೆ. ಮಗ ಹತ್ತಿರದ ಇಂಡಿ ಊರಿನ ಸಂತೆಗೆ ಹೋಗಿದ್ದಾನೆ, ಹೊತ್ತು ಇಳಿಯುವುದರೊಳಗೆ ಬರುತ್ತಾನೆ ಎನ್ನುವ ಹಾಗೆ ಹೇಳಿದಳು.

ಒಳಗೆ ರಾಟೆಯ ಸದ್ದು ನಿಂತು ಮತ್ತೆ ಶುರುವಾಯಿತು. ಅಲ್ಲಿ ಕಂಡಿಕೆ ಸುತ್ತುತ್ತಿದ್ದವಳು ಖತೀಜಾ, ಮೆಹಬೂಬನ ಹೆಂಡತಿ. ಮದುವೆಯಾಗಿ ಆರು ತಿಂಗಳಿಗೆ ಗಂಡ ಬೊಂಬಾಯಿಗೆ ಹೋದ. ಆಗ ಅವಳಿಗೆ ಹದಿನಾರು. ನಾನು ನೋಡುವಾಗ ಮೂವತ್ತು ದಾಟಿದ್ದಳು. ಕೈಯಲ್ಲಿ ಮದುವೆಯ ಹಸಿರು ಬಳೆ ಹಾಗೇ ಇದ್ದವು. ಒಡೆದರೆ ಅದೇ ಬಣ್ಣದವನ್ನೇ ಹುಡುಕಿ ಇಡಿಸಿಕೊಳ್ಳುತ್ತಿದ್ದಳು.

ಹುಸೇನಸಾಬನ ನೇಮದ ಅರ್ಥ ನನಗೆ ಆಗ, ಮುದುಕಿಯ ಬಾಯಿಂದ ತಿಳಿಯಿತು. ಇಲ್ಲಿ ನೆಲದ ಮೇಲೆ ನೇಯುವ ಸೆರಗಿಗೆ ಒಂದು ಹಾಡು ಬಿದ್ದರೆ ಸಮುದ್ರದ ತಳದ ಅರಿವೆ ಒಂದು ಗೇಣು ಬೆಳೆಯುತ್ತದೆ. ಒಂದೇ ಸೆರಗಿನ ಮೇಲೆ ಅದೇ ಹಾಡು ಎರಡು ಸಲ ಬಿದ್ದರೆ ಅಷ್ಟೂ ಬಿಚ್ಚಿ ಹೋಗುತ್ತದೆ, ಮೆಹಬೂಬ ಮತ್ತೆ ಬರುವುದಿಲ್ಲ. ಅದಕ್ಕೇ ಮುದುಕಿ ಬಾಗಿಲು ಕಾಯುತ್ತಿದ್ದಳು. ಅದಕ್ಕೇ ಖತೀಜಾ ಒಳಗೆ ಪ್ರತಿ ಹಾಡನ್ನೂ ನೆನಪಿಟ್ಟುಕೊಳ್ಳುತ್ತಿದ್ದಳು. ಓದಿದವಳು ನಾನು, ನಗು ಬರಬೇಕಿತ್ತು. ಆದರೆ ಹುಟ್ಟಿದಾಗಿನಿಂದ ಮಗ್ಗದ ಬಾಜೂ ಬದುಕಿದ ಹೆಂಗಸಿಗೆ ಸಮುದ್ರದಲ್ಲೂ ಒಂದು ಮಗ್ಗವಿದೆ ಎನ್ನುವುದಕ್ಕಿಂತ ಸಹಜವಾದ ಮಾತು ಇನ್ನಾವುದಿದ್ದೀತು?

ಎರಡನೆಯ ವರ್ಷದ ಬೇಸಿಗೆ ರಜೆಯ ಮೊದಲು ಖತೀಜಾಳ ಅಣ್ಣ ಸಾಲೋಟಗಿಯಿಂದ ಮರುಮದುವೆಯ ಮಾತು ತಂದ. ಸಿಂದಗಿಯಲ್ಲಿ ಒಬ್ಬ ದರ್ಜಿ, ಹೆಂಡತಿ ಸತ್ತಿದ್ದಾಳೆ, ಮಕ್ಕಳಿಲ್ಲ, ಮನುಷ್ಯ ಸಭ್ಯ. ಖಾಜಿಯವರನ್ನೂ ಕೇಳಿಯಾಗಿತ್ತು, ಅಡ್ಡಿಯಿಲ್ಲವೆಂದಿದ್ದರು. ಖತೀಜಾ ಅಣ್ಣನಿಗೆ ಚಹಾ ಕೊಟ್ಟು, "ನನ್ನ ಗಂಡ ಬರಾಂವ ಅದಾನ," ಎಂದು ಹೇಳಿ ರಾಟೆಗೆ ಕೂತಳು. ಆ ಅಣ್ಣ ನನ್ನ ಬಾಗಿಲಿಗೆ ಬಂದು ಅತ್ತುಬಿಟ್ಟ. "ಅಕ್ಕೋರ, ಇನ್ನೊಂದು ವರ್ಷ ಕಾಯತಾರಂತ ಅವರು. ಆಮ್ಯಾಲ ಈಕಿನ್ನ ಯಾರ ಕೇಳತಾರ?"

ನನಗೆ ಸಿಟ್ಟು ಬಂತು. ನೆಟ್ಟಗೆ ಹುಸೇನಸಾಬನ ಹತ್ತಿರ ಹೋದೆ. ಮಧ್ಯಾಹ್ನ, ಹೆಂಗಸರಿಬ್ಬರೂ ಹಳ್ಳಕ್ಕೆ ಬಟ್ಟೆ ಒಗೆಯಲು ಹೋಗಿದ್ದರು. "ಕಥಿ ಕಟ್ಟಿ ಕಟ್ಟಿ ಒಂದು ಹೆಣ್ಣಿನ ಆಯುಷ್ಯ ತಿಂದಿರಿ ನೀವು," ಎಂದೆ. "ನಿಮ್ಮ ತಮ್ಮ ಇದ್ದಾನೋ ಇಲ್ಲೋ, ಒಂದು ಮಾತು ಹೇಳ್ರಿ."

ಅವನು ಲಾಳಿಯನ್ನು ಕೆಳಗಿಟ್ಟ. ಆಮೇಲೆ ಮಗ್ಗದ ಕುಣಿಯೊಳಗೆ ಬಗ್ಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ತುಂಡು ಅರಿವೆ ತೆಗೆದ. ಬೂದು ಬಣ್ಣದ ಉಣ್ಣೆ, ಅಂಗೈ ಎರಡರಷ್ಟು ಅಗಲ, ಅಂಚು ಕತ್ತರಿಸಿದ್ದು.

"ಮೂರನೇ ದಿನಕ ಹೆಣ ದಂಡಿಗಿ ಬಂತ್ರಿ," ಎಂದ. "ಮೆಹಬೂಬಂದು. ಆ ಹೆಣಮಕ್ಕಳು ಅವತ್ತ ಹಲಗಿ ಮ್ಯಾಲ ಬಡಿಯಾಕ ಹತ್ತಿದ್ದ ಅರಿವಿ ಇನ್ನೂ ಪೂರಾ ಆಗಿದ್ದಿಲ್ಲ. ಅದನ್ನ ತಂದು ಹೊದಿಸಿದ್ರು, ಈ ತುಂಡ ಅದರದ. ನಾನ ನಮಾಜ ಮಾಡಿದೆ, ಅರ್ಧ ಮರತಿತ್ತು. ನಾನ ಮಣ್ಣ ಹಾಕಿದೆ. ಅವರು ಹಾಡತಿದ್ದ ಹಾಡ ಅಲ್ಲಿಗೇ ಬಿಟ್ಟರು."

ನಾನು ಆ ತುಂಡನ್ನು ಕೈಗೆ ತೆಗೆದುಕೊಂಡೆ. ಅವನು ಮುಂದುವರಿಸಿದ.

"ಯುದ್ಧ ಮುಗದ ಮ್ಯಾಲ ಮನಿಗಿ ಬಂದೆ. ಅವ್ವ ನನ್ನ ಮಾರಿ ನೋಡಲಿಲ್ಲ, ನನ್ನ ಬೆನ್ನ ಹಿಂದ ನೋಡಿದಳು. ಸಣ್ಣಾಂವ ಎಲ್ಲಿ ಅಂದಳು. ನನ್ನ ಬಾಯಾಗ ಆ ಮುದುಕನ ಕಥಿ ಬಂತ್ರಿ ಅಕ್ಕೋರ. ಒಂದ ದಿನದ ಮಟ್ಟಿಗೆ ಅಂತ ಹೇಳಿದೆ. ಮರುದಿನ ಅಕಿ ರೊಟ್ಟಿ ತಿಂದಳು. ಹೆಂಗ ಬಿಚ್ಚಲಿ? ಕಥಿ ಆ ಮುದುಕಂದು, ನೇಮ ಆ ಹೆಣಮಕ್ಕಳದು. ಎರಡನ್ನೂ ಕೂಡಿಸಿ ಗಂಟ ಹಾಕಿದಾಂವ ನಾನು." ಮೆಹಬೂಬ ಸತ್ತನೆಂದು ಬೊಂಬಾಯಿಯಿಂದ ಬಂದ ಹಡಗಿನವರ ಕಾಗದವನ್ನೂ ಅವನೇ ಒಲೆಗೆ ಹಾಕಿದ್ದನಂತೆ.

"ಈಗ ಹೇಳಬೇಕು," ಎಂದೆ.

"ಬಾಯಿಲೇ ಬರಂಗಿಲ್ರಿ. ಹನ್ನೆರಡ ಹದಿಮೂರ ವರ್ಷ ಈ ಬಾಯಿಲೇನ ಸುಳ್ಳ ಹೇಳೇನಿ."

ಆಗ ನನ್ನ ಜಾಣತನ ಕೆಲಸ ಮಾಡಿತು. "ಹಾಗಾದರೆ ಹಾಡ್ರಿ," ಎಂದೆ. "ಒಂದೇ ಸೆರಗಿನ ಮ್ಯಾಲ ಎರಡು ಸಲ ಹಾಡ್ರಿ. ಅವರಿಗೆ ತಿಳಿಯುತ್ತದೆ." ಎಷ್ಟು ಚೆನ್ನಾಗಿ ಹೊಳೆಯಿತು ಎಂದು ಒಳಗೊಳಗೇ ಹಿಗ್ಗಿದ್ದೆ ಕೂಡ. ಆ ಹಿಗ್ಗನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೇ ಹೇಸಿಕೆ ಬರುತ್ತದೆ.

ನಾಲ್ಕು ದಿನದ ಮೇಲೆ ಸೆರಗು ಬಂತು. ನಾನು ಗೋಡೆಯ ಈಚೆ ಹುಡುಗಿಯರ ಪಾಟಿಗಳನ್ನು ಮುಂದಿಟ್ಟುಕೊಂಡು ಕೂತಿದ್ದೆ, ಒಂದಕ್ಷರ ತಿದ್ದಲಿಲ್ಲ. ಅವನು ಎರಡು ಸಲ ಕೆಮ್ಮಿದ. ಆಮೇಲೆ ನಾನು ಎಂದೂ ಕೇಳದ ಒಂದು ಹಾಡು ಎತ್ತಿದ. ನಿಧಾನದ್ದು, ಮೂರೇ ಸ್ವರ ಮೇಲೆ ಹೋಗಿ, ಒಂದು ಸ್ವರ ಮಾತ್ರ ಕೆಳಗಿಳಿದು ನಿಲ್ಲುತ್ತಿತ್ತು. ಆ ಹೆಣ್ಣುಮಕ್ಕಳು ಹಲಗೆಯ ಮೇಲೆ ಬಿಟ್ಟ ಹಾಡು ಅದು ಎಂದು ಆಮೇಲೆ ತಿಳಿಯಿತು. ಹೊಸ ಹಾಡೆಂದು ಅಮೀನಾಬಿ ಕಟ್ಟೆಯ ಮೇಲೆ "ವ್ಹಾ!" ಎಂದಳು. ಒಂದು ಹೊಸ ಹಾಡು, ಒಂದು ಗೇಣು ಹೆಚ್ಚು.

ಹಾಡು ಮುಗಿಯಿತು. ಲಾಳಿ ನಾಲ್ಕು ಸಲ ಆಚೀಚೆ ಹೋಯಿತು. ಅವನು ಅದೇ ಹಾಡನ್ನು ಮತ್ತೆ ಎತ್ತಿದ.

ಕೋಲು ಬಾಗಿಲಿಗೆ ಬಡಿಯಿತು. "ಹುಸೇನಾ, ಅದು ಈಗರೇ ಆತು. ಬ್ಯಾರೇದು."

ಅವನು ನಿಲ್ಲಿಸಲಿಲ್ಲ. ಕೋಲು ಮತ್ತೆ ಬಡಿಯಿತು, ಮತ್ತೆ, ಮತ್ತೆ. ರಾಟೆ ನಿಂತುಹೋಗಿತ್ತು. "ಏ, ಬ್ಯಾರೇದು ಹೇಳೋ! ನನ್ನ ಕೂಸು ಬ್ಯಾರೇದು ಹೇಳೋ!" ಎಂದು ಮುದುಕಿ ಕೂಗುತ್ತಿದ್ದಳು. ನಾನು ಕಿವಿ ಮುಚ್ಚಿಕೊಂಡೆ. ತೆಗೆದಾಗ ಹಾಡು ಮುಗಿದಿತ್ತು.

ಓಡಿ ಹೋದೆ. ಖತೀಜಾ ಒಳಬಾಗಿಲಲ್ಲಿ ನಿಂತಿದ್ದಳು. ಅಳುತ್ತಿರಲಿಲ್ಲ. "ಎಲ್ಲಿ ಮಣ್ಣ ಮಾಡೀರಿ?" ಎಂದು ಒಂದೇ ಮಾತು ಕೇಳಿದಳು. ಹುಸೇನಸಾಬ ಉಣ್ಣೆಯ ತುಂಡನ್ನು ಅವಳ ಕೈಗಿಟ್ಟು, ಮಗ್ಗದ ಕುಣಿಯಲ್ಲಿ ಕೂತಲ್ಲೇ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಎಲ್ಲವನ್ನೂ ಹೇಳಿದ. ಅವಳು ನಿಂತೇ ಕೇಳಿದಳು. ಆಮೇಲೆ ಹಿತ್ತಲಿಗೆ ಹೋಗಿ ಬಳೆ ಒಡೆದುಕೊಂಡಳು. ಆ ಸದ್ದು ನಮ್ಮಿಬ್ಬರಿಗೂ ಕೇಳಿಸಿತು.

ನಾಲ್ಕು ತಿಂಗಳು ಹತ್ತು ದಿನದ ಶೋಕದ ಗಡುವು ಮುಗಿದ ಮೇಲೆ ಖತೀಜಾ ಸಿಂದಗಿಯ ದರ್ಜಿಯ ಮನೆಗೆ ಹೋದಳು. ಹೊರಡುವಾಗ ನನ್ನ ಕೈ ಹಿಡಿದು, "ಆ ಕಥಿ ನಂಬಿದ್ದಿಲ್ರಿ ಅಕ್ಕೋರ, ಬಿಡಾಕ ಆಗಿದ್ದಿಲ್ಲ," ಎಂದಳು. ಇಷ್ಟು ಸರಿಯಾಯಿತು.

ಸರಿಯಾಗದ್ದು ಅಮೀನಾಬಿ. ಉಣ್ಣೆಯ ತುಂಡು ತೋರಿಸಿದರೆ ಅದು ಉಣ್ಣೆಯ ತುಂಡು ಎಂದಳು. ಅವಳ ಪಾಲಿಗೆ ಮೆಹಬೂಬ ಯುದ್ಧದಲ್ಲಿ ಸಾಯಲಿಲ್ಲ. ಆ ಮಧ್ಯಾಹ್ನ, ಅಣ್ಣ ಎರಡನೇ ಸಲ ಹಾಡಿದಾಗ ಸತ್ತ. ನಾನು ಎದುರು ಕೂತು, ಗಂಟಲು ಹರಿಯುವಂತೆ ತಿಳಿಸಿ ಹೇಳಿದೆ. ಎಲ್ಲವನ್ನೂ ಕೇಳಿ ಅವಳು, "ಇಷ್ಟ ವರ್ಷ ಬಾಗಲಾ ಕುಟ್ಟಿ ಕುಟ್ಟಿ ಕಾಯ್ದೆ ಅಕ್ಕೋರ. ಇನ್ನ ಒಂದೆರಡು ಗೇಣ ಉಳದಿತ್ತೋ ಏನೋ," ಎಂದಳು.

ಅವಳು ಮಗನ ಜೊತೆ ಮಾತು ಬಿಟ್ಟಳು. ರೊಟ್ಟಿ ಬಡಿದು ಬುಟ್ಟಿಯಲ್ಲಿಟ್ಟು, ಬುಟ್ಟಿಗೆ ಹೇಳುವಂತೆ "ಉಣ್ಣಲಿ" ಎನ್ನುತ್ತಿದ್ದಳು. ಅವನು ಉಂಡು ತಟ್ಟೆ ತೊಳೆದಿಡುತ್ತಿದ್ದ. ಹಾಡು ನಿಂತಿತು. ಸೆರಗಿಗೆ ಬಂದಾಗ ಹಳೆಯ ರೂಢಿಯಂತೆ ಎರಡು ಸಲ ಕೆಮ್ಮುತ್ತಿದ್ದ, ಅಷ್ಟೇ. ಗೋಡೆಯ ಈಚೆ ನಾನು ಆ ಕೆಮ್ಮಿಗೆ ಬರೆಯುವುದನ್ನು ನಿಲ್ಲಿಸುತ್ತಿದ್ದೆ. "ಆಯಿಗೆ ನಿಜ ಹೇಳಿಬಿಡ್ರಿ, ನಾನೇ ಹೇಳಿಕೊಟ್ಟೆ ಅಂತ," ಎಂದು ಒಮ್ಮೆ ಬೇಡಿಕೊಂಡೆ. ಅವನು ತಲೆ ಅಲ್ಲಾಡಿಸಿದ. "ನಾ ಹೇಳಿದ ಸುಳ್ಳ ಅಕಿ ಇಷ್ಟ ಗಟ್ಟಿ ನಂಬ್ಯಾಳ. ಈಗ ತಪ್ಪ ನಿಮ್ಮ ಮ್ಯಾಲ ಹೆಂಗ್ರಿ ಹಾಕಲಿ?"

ನನಗೆ ಮುದ್ದೇಬಿಹಾಳಕ್ಕೆ ವರ್ಗವಾಯಿತು. ಹೊರಡುವ ಬೆಳಿಗ್ಗೆ ಹುಸೇನಸಾಬ ನನ್ನ ಟ್ರಂಕು ಹೊತ್ತು ಮೋಟಾರಿನವರೆಗೆ ಬಂದ, ಅದೇ ಕಾಲಗಲಿಸಿದ ನಡಿಗೆ. ಕಾಗದದಲ್ಲಿ ಸುತ್ತಿದ ಒಂದು ಸೀರೆ ಕೊಟ್ಟ. ಕಪ್ಪು ಒಡಲು, ಕೆಂಪು ಸೆರಗು.

"ಇದರ ಮ್ಯಾಲ ಏನೂ ಹಾಡಿಲ್ರಿ," ಎಂದ. "ಮೂಕ ಸೀರಿ."

"ನನ್ನ ಮ್ಯಾಲ ಸಿಟ್ಟಿಲ್ಲೇನ್ರಿ ಹುಸೇನಭಾಯಿ?"

"ಖತೀಜಾ ಬದುಕಿದಳಲ್ರಿ," ಎಂದ. ಸ್ವಲ್ಪ ತಡೆದು, "ಅವ್ವನೂ ಒಂದಿನ ಕರದಾಳು. ಮನ್ಯಾಗ ಇಬ್ಬರ ಇದ್ದೇವಿ, ಎಷ್ಟ ದಿನ ಸುಮ್ಮನ ಇರತಾಳ?" ಎಂದ. ಮೋಟಾರು ಹೊರಟಿತು. ಎರೆಹೊಲದ ದಾರಿಯಲ್ಲಿ ಜೋಳ ಎದೆಯ ಮಟ್ಟ ಬಂದಿತ್ತು. ಅವನನ್ನು ನಾನು ಕಂಡದ್ದು ಅದೇ ಕೊನೆ.

ಐದಾರು ವರ್ಷದ ಮೇಲೆ ಸಿಂದಗಿಯಿಂದ ಖತೀಜಾ ಯಾರ ಕೈಲೋ ಕಾಗದ ಬರೆಸಿದಳು. ಹುಸೇನಸಾಬ ನ್ಯುಮೋನಿಯಾ ಆಗಿ ಹೋದ. ಕಾಗದ ನನಗೆ ಮುಟ್ಟುವ ಹೊತ್ತಿಗೆ ಎರಡು ವಾರವಾಗಿತ್ತು. ಮೂಕ ಸೀರೆ ಉಟ್ಟುಕೊಂಡು ತಾಂಬಾಕ್ಕೆ ಹೋದೆ.

ಮಗ್ಗದ ಕುಣಿಗೆ ಮಣ್ಣು ತುಂಬಿ ಸಾರಿಸಿದ್ದರು. ಅಮೀನಾಬಿ ಅದೇ ಕಟ್ಟೆಯ ಮೇಲೆ, ಅದೇ ಕೋಲು ಹಿಡಿದು ಕೂತಿದ್ದಳು. ಕಣ್ಣು ಪೂರಾ ಹೋಗಿತ್ತು. ದನಿಯಿಂದ ನನ್ನ ಗುರುತು ಹಿಡಿದಳು. ಕೈಯಿಂದ ನನ್ನ ಸೆರಗು ತಡವಿ, ನೂಲು ತಿಕ್ಕಿ ನೋಡಿ, "ಇದು ಅವನ ಕೈದು," ಎಂದಳು. ಸೆರಗಿನ ತುದಿಯನ್ನು ಬಿಡಲಿಲ್ಲ.

"ಕೊನೀಗಾದರೂ ಮಾತಾಡಿಸಿದಿರೇನು ಆಯಿ?" ಎಂದೆ. ಕೇಳಬಾರದಿತ್ತು, ಕೇಳಿಬಿಟ್ಟೆ.

"ಇಲ್ಲ," ಎಂದಳು. "ಜ್ವರದಾಗ ಅವ್ವಾ ಅವ್ವಾ ಅಂತಿದ್ದ. ಬಾಜೂ ಕೂತೇ ಇದ್ದೆ. ಬಾಯಿ ಬರಲಿಲ್ಲ. ನಾಳಿ ಓ ಅಂತೇನಿ ಅಂತ ಕೂತೆ." ಆಮೇಲೆ ತಲೆಯನ್ನು ನನ್ನ ಕಡೆ ತಿರುಗಿಸಿದಳು. "ಅಕ್ಕೋರ, ಆ ಹಾಡ ನಿಮಗ ಬರತೈತೇನು? ಅವ ಕಡೀಕ ಹಾಡಿದ್ದು."

ನನಗೆ ಬರುತ್ತಿತ್ತು. ಆ ಮಧ್ಯಾಹ್ನದಿಂದ ಅದು ನನ್ನನ್ನು ಬಿಟ್ಟಿರಲಿಲ್ಲ. ಮಗ್ಗಿ ಹೇಳಿಸಿ ಹೇಳಿಸಿ ಒಡೆದುಹೋದ ಗಂಟಲು ನನ್ನದು. ಮಾತಿಲ್ಲದ ಆ ಹಾಡನ್ನು ಹೇಗೋ ಹಾಡಿದೆ, ಮೂರು ಸ್ವರ ಮೇಲೆ, ಒಂದು ಕೆಳಗೆ. ಕೊನೆಯ ಸ್ವರಕ್ಕೆ ದನಿ ಸಾಲಲಿಲ್ಲ.

ಅಮೀನಾಬಿ ಕೋಲು ಎತ್ತಿದಳು. ಬಾಗಿಲು ಕುಟ್ಟುತ್ತಾಳೆ ಎಂದು ನಾನು ಅಂಜಿದೆ. ಅವಳು ಅದನ್ನು ಕಟ್ಟೆಯ ಕೆಳಗೆ, ಮಣ್ಣಿನ ಮೇಲೆ ಮಲಗಿಸಿದಳು.

"ಇನ್ನೊಮ್ಮಿ ಹಾಡ್ರಿ," ಎಂದಳು, ನನ್ನ ಸೆರಗು ಹಿಡಿದೇ. "ಅದನ್ನೇ ಹಾಡ್ರಿ."